ನಾಲ್ಕು ಪರದೆಗೆ ಒಂದೇ ಕಾರ್ಡೋ, ಎರಡು ಕಾರ್ಡೋ?

ಪ್ರಶ್ನೆ: ಶಿರಸಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಮದುವೆಯ ಆಲ್ಬಂ ಮಾಡಿಕೊಡುತ್ತೇನೆ. ಕಂಪ್ಯೂಟರ್ ಐ5-4570 ಪ್ರೊಸೆಸರಿನದು. ಎಚ್81 ಮದರ್‌ಬೋರ್ಡ್, 2 ಜಿಬಿಯ ಜಿಟಿ 710 ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 10 ಇದೆ. ಕಾರ್ಡಿನ ವಿಜಿಎಗೆ ಹಳೆಯ 19 ಇಂಚಿನ ಮಾನಿಟರ್, ಡಿವಿಐಗೆ 22 ಇಂಚಿನದು, ಎಚ್‌ಡಿಎಂಐಗೆ ಹೊಸದಾಗಿ ತಂದ 27 ಇಂಚಿನ 4ಕೆ ಮಾನಿಟರ್ ಜೋಡಿಸಿದ್ದೇನೆ. ಹೊಸ ಪರದೆಯಲ್ಲಿ ಮೌಸ್ ತಡವರಿಸುತ್ತದೆ. ನಾಲ್ಕನೆಯದಾಗಿ ಇನ್ನೊಂದು 22 ಇಂಚಿನ ಮಾನಿಟರ್ ಸೇರಿಸಲು ಎಚ್‌ಡಿಎಂಐ ಸ್ಪ್ಲಿಟ್ಟರ್ ತಂದೆ; ಎರಡರಲ್ಲೂ ಒಂದೇ ಚಿತ್ರ ಬರುತ್ತದೆ, 4ಕೆ ಪರದೆಯ ಅಕ್ಷರಗಳೂ ಮಸುಕಾದವು. ಇನ್ನೊಂದು ಕಾರ್ಡ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಅದೂ ಜಿಟಿ 710 ಆಗಿರಬೇಕೇ? ಬೇರೆ ಕಂಪನಿಯದಾದರೆ ಹೊಂದುತ್ತದೆಯೇ? ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ) ತಾಳಿಕೊಳ್ಳುತ್ತದೆಯೇ?

ಉತ್ತರ: ನೀವು ಇನ್ನೊಂದು ಕಾರ್ಡ್ ಸೇರಿಸುವ ಬದಲು ಈಗಿರುವುದನ್ನು ತೆಗೆದು, ನಾಲ್ಕು ಪರದೆಗಳನ್ನು ನಡೆಸಬಲ್ಲ ಒಂದೇ ಕಾರ್ಡ್ ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂದು ಜಿಟಿ 710ರ ಬಗ್ಗೆ ಕೇಳಿದ ಪ್ರಶ್ನೆಯನ್ನೇ ಮುಂದೆ ಬೇರೆ ಕಾರ್ಡಿನ ಬಗ್ಗೆ ಕೇಳಬೇಕಾದೀತು, ಆಗ ಮಾದರಿಯ ಹೆಸರಿಗಿಂತ ಲೆಕ್ಕಾಚಾರದ ಕ್ರಮ ಗೊತ್ತಿರುವುದು ಉಪಯೋಗಕ್ಕೆ ಬರುತ್ತದೆ.

ಮೊದಲು ಸ್ಪ್ಲಿಟ್ಟರಿನ ವಿಷಯ ಮುಗಿಸಿಬಿಡೋಣ. ಸ್ಪ್ಲಿಟ್ಟರ್ ಒಂದು ಚಿತ್ರವನ್ನು ಎರಡು ಕಡೆ ನಕಲು ಮಾಡುತ್ತದೆಯೇ ಹೊರತು ಎರಡು ಬೇರೆ ಬೇರೆ ಚಿತ್ರಗಳನ್ನು ಕೊಡುವುದಿಲ್ಲ. ಕಾರ್ಡಿನ ದೃಷ್ಟಿಯಲ್ಲಿ ಅಲ್ಲಿರುವುದು ಒಂದೇ ಮಾನಿಟರ್. ಅದರ ಜೊತೆಗೆ, ಎರಡು ಮಾನಿಟರ್‌ಗಳಿಗೂ ಒಪ್ಪುವ ರೆಸಲ್ಯೂಶನ್ ಯಾವುದೋ ಅದನ್ನೇ ಸ್ಪ್ಲಿಟ್ಟರ್ ಕಾರ್ಡಿಗೆ ತಿಳಿಸುವುದರಿಂದ ನಿಮ್ಮ 4ಕೆ ಮಾನಿಟರ್ ಪಕ್ಕದ 22 ಇಂಚಿನದರ ಮಟ್ಟಕ್ಕೆ, ಅಂದರೆ 1920×1080ಕ್ಕೆ ಇಳಿದಿದೆ. ಅಕ್ಷರ ಮಸುಕಾದದ್ದು ಅದರಿಂದ. ಸ್ಪ್ಲಿಟ್ಟರ್ ಕೆಟ್ಟಿಲ್ಲ, ಅದರ ಕೆಲಸವೇ ಅದು. ಮದುವೆ ಮಂಟಪದಲ್ಲಿ ಎರಡು ಟಿವಿಗೆ ಒಂದೇ ವಿಡಿಯೊ ಬಿಡಬೇಕಾದಾಗ ಅದು ನಿಮಗೆ ಬೇಕಾದೀತು.

ಮೌಸ್ ತಡವರಿಸುವುದಕ್ಕೆ ಕಾರಣ ಬೇರೆ. 4ಕೆ ಪರದೆಯಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಬಿಂದುಗಳಿವೆ. ಬಿಂದುವೊಂದಕ್ಕೆ 24 ಬಿಟ್‌ನಂತೆ ಸೆಕೆಂಡಿಗೆ 60 ಬಾರಿ ಚಿತ್ರ ಕಳಿಸಬೇಕಾದರೆ ಸೆಕೆಂಡಿಗೆ ಸುಮಾರು 12 ಗಿಗಾಬಿಟ್ ಮಾಹಿತಿ ಕೇಬಲ್ಲಿನಲ್ಲಿ ಹೋಗಬೇಕು. ಜಿಟಿ 710 ಕಾಲದ ಎಚ್‌ಡಿಎಂಐ 1.4ರಲ್ಲಿ ಚಿತ್ರಕ್ಕೆಂದು ಸಿಗುವುದು ಸುಮಾರು 8 ಗಿಗಾಬಿಟ್ ಮಾತ್ರ. ಆದ್ದರಿಂದ ಕಾರ್ಡ್ ಸೆಕೆಂಡಿಗೆ 30 ಚಿತ್ರಕ್ಕೆ ಇಳಿದು ಕೂತಿದೆ. ಡೆಸ್ಕ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ನೋಡಿದರೆ 30 ಹರ್ಟ್ಜ್ ಎಂದು ನಿಮಗೇ ಕಾಣುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತೂ ಆಗದು; ಆದರೆ ದಿನವಿಡೀ ಆಲ್ಬಮ್ಮಿನ ಫೋಟೊಗಳಲ್ಲಿ ಕೂದಲೆಳೆಯ ಅಂಚು ಕತ್ತರಿಸುವವರಿಗೆ ಸಂಜೆಯ ಹೊತ್ತಿಗೆ ಕಣ್ಣೂ ಕೈಯೂ ಸೋಲುತ್ತವೆ. 4ಕೆಯನ್ನು 60 ಹರ್ಟ್ಜ್‌ನಲ್ಲಿ ಕೊಡಲು ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಎರಡನೆಯ ಜಿಟಿ 710 ತಂದರೂ ಈ ತೊಂದರೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಿ.

ಈಗ ಮುಖ್ಯ ವಿಷಯ. ಕಾರ್ಡ್ ಕೊಳ್ಳುವಾಗ ಹೆಚ್ಚಿನವರು ಹಿಂಬದಿಯ ಪೋರ್ಟುಗಳನ್ನು ಎಣಿಸುತ್ತಾರೆ. ಎಣಿಸಬೇಕಾದದ್ದು, ಆ ಕಾರ್ಡ್ ಏಕಕಾಲಕ್ಕೆ ಎಷ್ಟು ಪರದೆ ನಡೆಸಬಲ್ಲದು ಎಂಬುದನ್ನು. ಚಿಪ್ಪಿನೊಳಗೆ ಪರದೆಗೊಂದರಂತೆ ಚಿತ್ರ ಕಳಿಸುವ ಪ್ರತ್ಯೇಕ ಭಾಗಗಳಿರುತ್ತವೆ. ಅವು ಎಷ್ಟಿವೆಯೋ ಅಷ್ಟೇ ಪರದೆ, ಪೋರ್ಟು ಹೆಚ್ಚಿದ್ದರೂ ಪ್ರಯೋಜನವಿಲ್ಲ. ಎಎಂಡಿಯ ಹಳೆಯ ರೇಡಿಯಾನ್ ಕಾರ್ಡುಗಳಲ್ಲಿ ಇದರಿಂದ ಅನೇಕರು ಬೇಸ್ತು ಬಿದ್ದಿದ್ದಾರೆ. 2009ರಲ್ಲಿ ಬಂದ ಎಚ್‌ಡಿ 5000 ಸರಣಿಯಲ್ಲಿ ಎರಡು ಡಿವಿಐ, ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಇರುವ ಕಾರ್ಡುಗಳಿದ್ದವು, ಆದರೆ ಡಿವಿಐ-ಎಚ್‌ಡಿಎಂಐ ಬಗೆಯ ಪರದೆಗಳು ಎರಡೇ ಒಟ್ಟಿಗೆ ನಡೆಯುತ್ತಿದ್ದವು. ಮೂರನೆಯದು ಬೇಕೆಂದರೆ ಅದು ಡಿಸ್‌ಪ್ಲೇಪೋರ್ಟ್‌ನಿಂದಲೇ ಬರಬೇಕಿತ್ತು. ಈಗಿನ ಮಾತಿಗೆ ಬಂದರೆ ಎನ್‌ವಿಡಿಯಾದ ಜಿಟಿ 1030, ಎಎಂಡಿಯ ಆರ್‌ಎಕ್ಸ್ 6400 ಇವು ಎರಡೆರಡೇ ಪರದೆಯ ಕಾರ್ಡುಗಳು. ನಿಮ್ಮ ಜಿಟಿ 710ಕ್ಕಿಂತ ಇವೆರಡೂ ಹೊಸವು, ವೇಗದವು. ಆದರೂ ಪರದೆಗಳ ಲೆಕ್ಕದಲ್ಲಿ ನಿಮಗೆ ಹಿಂದಡಿಯೇ. ಹೊಸದೆಂದ ಮಾತ್ರಕ್ಕೆ ಹೆಚ್ಚಿನದೆಂದು ತಿಳಿಯಬಾರದು.

ಆರ್‌ಎಕ್ಸ್ 6400 ನಿಮ್ಮ ಯಂತ್ರಕ್ಕೆ ಇನ್ನೊಂದು ಕಾರಣಕ್ಕೂ ಸಲ್ಲದು. ಆ ಕಾರ್ಡ್ ತಾನು ಕೂರುವ ಪಿಸಿಐಇ ಸ್ಲಾಟಿನ 16 ಲೇನ್‌ಗಳ (ಮಾಹಿತಿ ಸಾಗುವ ದಾರಿಗಳ) ಪೈಕಿ ನಾಲ್ಕನ್ನು ಮಾತ್ರ ಬಳಸುತ್ತದೆ, ಪಿಸಿಐಇ 4.0 ಇರುವ ಹೊಸ ಬೋರ್ಡಿನಲ್ಲಿ ಅದು ನಡೆದುಹೋಗುತ್ತದೆ, ಎಚ್81 ಬೋರ್ಡಿನ ಪಿಸಿಐಇ 2.0 ಸ್ಲಾಟಿನಲ್ಲಿ ಅದೇ ನಾಲ್ಕು ಲೇನ್‌ಗಳ ಸಾಮರ್ಥ್ಯ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ.

ಎರಡು ಕಾರ್ಡ್ ಹಾಕುವ ಮಾತಿಗೆ ಬರೋಣ. ಪೆಟ್ಟಿಗೆಯ ಬದಿ ಬಿಚ್ಚಿ ಮದರ್‌ಬೋರ್ಡ್ ನೋಡಿ. ಸಾಮಾನ್ಯ ಎಚ್81 ಬೋರ್ಡಿನಲ್ಲಿ ಉದ್ದನೆಯ ಸ್ಲಾಟ್ ಒಂದೇ ಇರುತ್ತದೆ. ಅದರ ಕೆಳಗಿರುವ, ಬೆರಳಿನ ಎರಡು ಗೆಣ್ಣಿನಷ್ಟೂ ಉದ್ದವಿಲ್ಲದ ಒಂದೆರಡು ಸ್ಲಾಟುಗಳು ಎಕ್ಸ್1 ಬಗೆಯವು. ಉದ್ದನೆಯ ಕಾಲಿನ ಇನ್ನೊಂದು ಜಿಟಿ 710 ತಂದರೆ ಕೂರಿಸಲು ಜಾಗವೇ ಇಲ್ಲ. ಎಕ್ಸ್1 ಕಾಲಿನ ಕಾರ್ಡುಗಳೂ ತಯಾರಾಗಿವೆ, ಜಿಟಿ 710ರಲ್ಲಿಯೂ ಅಂಥದೊಂದು ಬಗೆಯಿದೆ. ಎಕ್ಸೆಲ್, ಟ್ಯಾಲಿ ತೆರೆದಿಡುವ ಪರದೆಗೆ ಅದು ಸಾಕು. ಆದರೆ ಅಂಗಡಿಯವರು "ಇನ್ನೊಂದು ಕಾರ್ಡ್ ಹಾಕಿಸಿ" ಎಂದಾಗ ಎಲ್ಲಿ ಹಾಕುವುದು ಎಂದು ಅವರನ್ನೇ ಕೇಳಬೇಕಿತ್ತು.

ಜಾಗವಿರುವ ಬೋರ್ಡಿನಲ್ಲಿಯೂ ಎರಡು ಕಾರ್ಡುಗಳ ಹೊಂದಾಣಿಕೆ ನಿಲ್ಲುವುದು ಸ್ಲಾಟಿನ ಮೇಲಲ್ಲ, ಡ್ರೈವರ್ ಮೇಲೆ, ಅಂದರೆ ವಿಂಡೋಸಿಗೆ ಕಾರ್ಡನ್ನು ನಡೆಸಲು ಬೇಕಾದ ತಂತ್ರಾಂಶದ ಮೇಲೆ. ಒಂದು ವಿಂಡೋಸಿನಲ್ಲಿ ಎನ್‌ವಿಡಿಯಾದ ಡ್ರೈವರ್ ಆವೃತ್ತಿ ಒಂದೇ ಇರಬೇಕು. ಆದ್ದರಿಂದ ಎನ್‌ವಿಡಿಯಾದ ಎರಡು ಕಾರ್ಡ್ ಹಾಕಿದರೆ ಎರಡನ್ನೂ ಬಲ್ಲ ಒಂದೇ ಆವೃತ್ತಿ ಸಿಗಬೇಕು. ಜಿಟಿ 710 ಕೆಪ್ಲರ್ ಪೀಳಿಗೆಯದು. ಕೆಪ್ಲರ್ ಕಾರ್ಡುಗಳನ್ನು ಒಳಗೊಂಡ ಕೊನೆಯ ಡ್ರೈವರ್ ಸರಣಿ 470. 2021ರ ಅಕ್ಟೋಬರಿನಲ್ಲಿ ಬಂದ ಮುಂದಿನ ಸರಣಿಯಿಂದ ಅವುಗಳನ್ನು ಕೈಬಿಡಲಾಯಿತು. ಹಾಗಾಗಿ ಜಿಟಿ 710ರ ಪಕ್ಕದಲ್ಲಿ ನೀವು ಜಿಟಿಎಕ್ಸ್ 1650 ಹಾಕಿದರೆ ಎರಡೂ 470ರಲ್ಲಿ ನಡೆಯುತ್ತವೆ, ಆದರೆ ಹೊಸ ಕಾರ್ಡ್ ಹಳೆಯದರ ಕಾಲಿಗೆ ಕಟ್ಟಿದಂತೆ ಅಲ್ಲಿಯೇ ನಿಲ್ಲುತ್ತದೆ. ಆರ್‌ಟಿಎಕ್ಸ್ 40 ಸರಣಿಯಂಥ ಇನ್ನೂ ಹೊಸ ಪೀಳಿಗೆಯ ಕಾರ್ಡ್ ಹಾಕಿದರೆ ಎರಡಕ್ಕೂ ಒಪ್ಪುವ ಡ್ರೈವರೇ ಇರುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕಾರವಾರದ ಒಂದು ಕಚೇರಿಯಲ್ಲಿ, ಹಡಗುಗಳ ಕಾಗದಪತ್ರ ನೋಡುವ ಜಾಗ, ನಾಲ್ಕು ಪರದೆ ಬೇಕೆಂದಾಗ ಇದೇ ಜಿಟಿ 710 ಮತ್ತು ಜಿಟಿಎಕ್ಸ್ 1650 ಜೋಡಿಯನ್ನು ಹಾಕಿಕೊಟ್ಟಿದ್ದೆ. ಕೆಲವು ತಿಂಗಳು ಸರಿಯಾಗಿಯೇ ನಡೆಯಿತು. 2021ರ ಕೊನೆಯಲ್ಲಿ ಒಂದು ಬೆಳಗ್ಗೆ ಫೋನ್ ಬಂತು: ಎಡಗಡೆಯ ಎರಡು ಪರದೆ ಕಪ್ಪಾಗಿವೆ. ಹೋಗಿ ಡಿವೈಸ್ ಮ್ಯಾನೇಜರ್ ತೆರೆದರೆ ಜಿಟಿ 710ರ ಮುಂದೆ ಹಳದಿ ತ್ರಿಕೋನ. ಹಿಂದಿನ ದಿನ ಯಾರೋ ಅಪ್‌ಡೇಟ್ ಒತ್ತಿದ್ದರು, ಹೊಸ ಡ್ರೈವರ್ 1650ನ್ನು ಗುರುತಿಸಿ ಹಳೆಯದನ್ನು ಬಿಟ್ಟಿತ್ತು. ಕೇಬಲ್ ಬದಲಿಸಿ, ಕಾರ್ಡ್ ಕಿತ್ತು ಮತ್ತೆ ಕೂರಿಸಿ, ಮಧ್ಯಾಹ್ನದವರೆಗೆ ಒದ್ದಾಡಿದ ಮೇಲೆ ನನಗೆ ಹೊಳೆದದ್ದು ಇದು. ಹಳೆಯ ಡ್ರೈವರ್ ಮರಳಿ ಹಾಕಿದೆ; ಮುಂದಿನ ತಿಂಗಳು ಎರಡೂ ಕಾರ್ಡ್ ತೆಗೆದು ನಾಲ್ಕು ಪರದೆಯ ಒಂದೇ ಕಾರ್ಡ್ ಹಾಕಿದೆ. ಅಂದಿನಿಂದ, ಬೇರೆ ದಾರಿಯಿರುವಾಗ ನಾನು ಯಾರಿಗೂ ಎರಡು ಪೀಳಿಗೆಯ ಕಾರ್ಡುಗಳನ್ನು ಜೊತೆಯಾಗಿ ಕೊಟ್ಟಿಲ್ಲ.

ಬೇರೆ ಕಂಪನಿಯ ಕಾರ್ಡ್ ಹೊಂದುತ್ತದೆಯೇ ಎಂದು ಕೇಳಿದ್ದೀರಿ. ವಿಂಡೋಸ್ ವಿಸ್ತಾದಲ್ಲಿ ಎಲ್ಲ ಕಾರ್ಡುಗಳೂ ಒಂದೇ ಡ್ರೈವರಿನಲ್ಲಿ ನಡೆಯಬೇಕೆಂಬ ಕಟ್ಟುಪಾಡಿತ್ತು. "ಒಂದೇ ಕಂಪನಿಯದೇ ಆಗಬೇಕು" ಎಂಬ ಮಾತು ಇನ್ನೂ ಚಾಲ್ತಿಯಲ್ಲಿರುವುದು ಬಹುಶಃ ಆ ಕಾಲದಿಂದ. ವಿಂಡೋಸ್ 7ರಿಂದ ಆ ಕಟ್ಟು ಸಡಿಲವಾಗಿ, ಎರಡು ಕಂಪನಿಗಳ ಡ್ರೈವರುಗಳು ಒಟ್ಟಿಗೆ ಇರಬಹುದಾಗಿದೆ. ವಿಚಿತ್ರವೆನಿಸಿದರೂ ಎನ್‌ವಿಡಿಯಾದ ಹಳೆಯ-ಹೊಸ ಕಾರ್ಡುಗಳ ಜೋಡಿಗಿಂತ ಇಂಟೆಲ್ ಮತ್ತು ಎನ್‌ವಿಡಿಯಾ ಜೋಡಿ ಹೆಚ್ಚು ನಿರಾತಂಕ, ಏಕೆಂದರೆ ಅವುಗಳ ಡ್ರೈವರುಗಳು ಒಂದರ ತಂಟೆಗೆ ಒಂದು ಹೋಗುವುದಿಲ್ಲ. ಎರಡು ಕಾರ್ಡುಗಳನ್ನು ಸೇತುವೆಯಿಂದ ಜೋಡಿಸುವ ಎಸ್‌ಎಲ್‌ಐ, ಕ್ರಾಸ್‌ಫೈರ್ ಇವು ಆಟಗಳ ವೇಗಕ್ಕಾಗಿ ಇದ್ದವು; ಪರದೆ ಹೆಚ್ಚಿಸುವುದಕ್ಕೂ ಅವಕ್ಕೂ ಸಂಬಂಧವಿಲ್ಲ.

ಆ ಇಂಟೆಲ್ ಜೋಡಿಗಾರ ನಿಮ್ಮ ಯಂತ್ರದಲ್ಲಿ ಈಗಾಗಲೇ ಕೂತಿದೆ. ಐ5-4570ರ ಒಳಗೆ ಎಚ್‌ಡಿ 4600 ಗ್ರಾಫಿಕ್ಸ್ ಇದೆ, ಅದರ ಚಿತ್ರ ಮದರ್‌ಬೋರ್ಡಿನ ಹಿಂಬದಿಯ ವಿಜಿಎಯಿಂದ ಹೊರಬರುತ್ತದೆ. ಕಾರ್ಡ್ ಹಾಕಿದ ಕೂಡಲೇ ಬಹುತೇಕ ಬೋರ್ಡುಗಳು ಅದನ್ನು ನಿಲ್ಲಿಸಿಬಿಡುತ್ತವೆ. ಬಯೋಸಿನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ) ಐಜಿಪಿಯು ಮಲ್ಟಿ-ಮಾನಿಟರ್, ಅಥವಾ ಬೋರ್ಡಿನ ಕಂಪನಿಗೆ ತಕ್ಕಂತೆ ಇಂಟರ್ನಲ್ ಗ್ರಾಫಿಕ್ಸ್ ಎಂಬ ಸಾಲನ್ನು ಹುಡುಕಿ ಎನೇಬಲ್ ಮಾಡಿದರೆ ಮತ್ತೆ ಎಚ್ಚರಾಗುತ್ತದೆ. ನಿಮ್ಮ 19 ಇಂಚಿನ ವಿಜಿಎ ಮಾನಿಟರನ್ನು ಅಲ್ಲಿಗೆ ಚುಚ್ಚಿ. ಹೊಸ ಕಾರ್ಡುಗಳಲ್ಲಿ ವಿಜಿಎ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್‌ನಿಂದ ವಿಜಿಎಗೆ ಬದಲಾಯಿಸಲು ಚಿಪ್ಪಿರುವ ಕನ್ವರ್ಟರ್ ಬೇಕಾಗುತ್ತದೆ. ಈ ದಾರಿಯಲ್ಲಿ ಆ ಖರ್ಚು ಉಳಿಯುತ್ತದೆ. ಅದೇ ಬಯೋಸಿನಲ್ಲಿ ಪ್ರೈಮರಿ ಡಿಸ್‌ಪ್ಲೇಯನ್ನು ಪಿಸಿಐಇ ಅಥವಾ ಪೆಗ್ ಎಂದು ಇಡುವುದನ್ನು ಮರೆಯಬೇಡಿ, ಇಲ್ಲವಾದರೆ ಯಂತ್ರ ಶುರುವಾಗುವಾಗಿನ ಬರಹಗಳೆಲ್ಲ ಮೂಲೆಯ ಹಳೆಯ ಪರದೆಯಲ್ಲಿ ಮೂಡುತ್ತವೆ.

ಹಾಗಾದರೆ ಯಾವ ಕಾರ್ಡ್? ಎನ್‌ವಿಡಿಯಾದ ಟಿ ಸರಣಿಯನ್ನು ನೋಡಿ. ಇವು ಆಟದವರಿಗಲ್ಲ, ಕಚೇರಿ ಮತ್ತು ವಿನ್ಯಾಸದ ಕೆಲಸಕ್ಕೆಂದು ಬಂದ ಸಣ್ಣ ಕಾರ್ಡುಗಳು. ಟಿ400ರಲ್ಲಿ ಮೂರು ಮಿನಿ ಡಿಸ್‌ಪ್ಲೇಪೋರ್ಟ್, 30 ವ್ಯಾಟ್. ಟಿ600ರಲ್ಲಿ ನಾಲ್ಕು, 40 ವ್ಯಾಟ್. ಟಿ1000ದಲ್ಲಿ ನಾಲ್ಕು, 50 ವ್ಯಾಟ್. ಎಷ್ಟು ಪೋರ್ಟಿದೆಯೋ ಅಷ್ಟೂ ಪರದೆ ಒಟ್ಟಿಗೆ ನಡೆಯುತ್ತವೆ, ಪ್ರತ್ಯೇಕ ವಿದ್ಯುತ್ ಕೇಬಲ್ ಬೇಡ, ಸ್ಲಾಟಿನಿಂದಲೇ ಸಾಕಾಗುತ್ತದೆ. ವಿಜಿಎ ಪರದೆ ಮದರ್‌ಬೋರ್ಡಿಗೆ ಹೋದ ಮೇಲೆ ನಿಮಗೆ ಉಳಿಯುವುದು ಮೂರೇ ಪರದೆ, ಟಿ400 ಸಾಲುತ್ತದೆ. ಆದರೂ 4 ಜಿಬಿ ಮೆಮೊರಿಯ ಟಿ600ನ್ನೇ ನಾನು ಹೇಳುತ್ತೇನೆ.

ಮೆಮೊರಿಯ ಬಗ್ಗೆ ಒಂದು ಮಾತು. ಪರದೆ ಹೆಚ್ಚಾದಷ್ಟೂ ಕಾರ್ಡಿನ ಮೆಮೊರಿ ಬಹಳ ಬೇಕೆಂದು ಹೆದರಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಬಿಂದುವೊಂದಕ್ಕೆ 4 ಬೈಟ್‌ನಂತೆ 1920×1080 ಪರದೆಯ ಒಂದು ಚಿತ್ರಕ್ಕೆ ಸುಮಾರು 8 ಎಂಬಿ, 4ಕೆ ಪರದೆಯದಕ್ಕೆ ಸುಮಾರು 33 ಎಂಬಿ. ನಿಮ್ಮ ನಾಲ್ಕೂ ಸೇರಿದರೆ 55 ಎಂಬಿ ಆಸುಪಾಸು. ವಿಂಡೋಸ್ ಅದರ ಕೆಲವು ಪ್ರತಿಗಳನ್ನು ಇಟ್ಟುಕೊಂಡರೂ 2 ಜಿಬಿಗೆ ಅದು ಭಾರವಲ್ಲ. ಮೆಮೊರಿ ಬೇಡುವುದು ಫೋಟೋಶಾಪ್. ಈಚಿನ ಫೋಟೋಶಾಪ್ ಡೈರೆಕ್ಟ್‌ಎಕ್ಸ್ 12ರ ಪೂರ್ಣ ಮಟ್ಟ ಬಲ್ಲ ಕಾರ್ಡನ್ನು ಕೇಳುತ್ತದೆ, 4ಕೆ ಪರದೆಗೆ 4 ಜಿಬಿ ಇರಲಿ ಎನ್ನುತ್ತದೆ. ನಿಮ್ಮ ಜಿಟಿ 710 ಮೊದಲನೆಯ ಪರೀಕ್ಷೆಯಲ್ಲೇ ಸೋಲುತ್ತದೆ; ಹೊಸ ಆವೃತ್ತಿಗೆ ಹೋದ ದಿನ ಕಾರ್ಡ್ ಇದ್ದೂ ಇಲ್ಲದಂತಾಗುತ್ತದೆ.

ಎಸ್‌ಎಂಪಿಎಸ್‌ನ ಮೇಲೆ ದೊಡ್ಡದಾಗಿ ಬರೆದ 450 ವ್ಯಾಟ್ ಎಂಬುದನ್ನು ನಂಬಬೇಡಿ. ಅಂಟಿಸಿದ ಚೀಟಿಯಲ್ಲಿ 12 ವೋಲ್ಟಿನ ಸಾಲನ್ನು ಓದಿ. ಅಗ್ಗದ ಪೆಟ್ಟಿಗೆಗಳಲ್ಲಿ ಅಲ್ಲಿ 16 ಆಂಪಿಯರ್ ಎಂದಿರುವುದನ್ನು ನಾನು ಕಂಡಿದ್ದೇನೆ, ಅಂದರೆ 192 ವ್ಯಾಟ್. ಪ್ರೊಸೆಸರಿಗೆ 84, ಡಿಸ್ಕು-ಫ್ಯಾನುಗಳಿಗೆ 20 ಎಂದು ತೆಗೆದಿಟ್ಟರೆ 88 ಉಳಿಯುತ್ತದೆ. ಟಿ600ರ 40 ಅದರಲ್ಲಿ ಆರಾಮವಾಗಿ ಕೂರುತ್ತದೆ. ಜಿಟಿಎಕ್ಸ್ 1650ರ 75 ಕಷ್ಟಪಟ್ಟು ಕೂರುತ್ತದೆ. 8 ಜಿಬಿಯ ಆರ್‌ಟಿಎಕ್ಸ್ 3050ಕ್ಕೆ 130 ಬೇಕು, ಅದನ್ನು ಹಾಕುವುದಾದರೆ ಎಸ್‌ಎಂಪಿಎಸ್ ಕೂಡ ಬದಲಾಗಬೇಕು. ಯುಪಿಎಸ್ 600 ವಿಎ ಆಗಿದ್ದರೆ ಅದರಿಂದ ಸಿಗುವುದು ಸಾಮಾನ್ಯವಾಗಿ 360 ವ್ಯಾಟ್. ಕರೆಂಟು ಹೋಗಿ ಬರುವುದು ಘಟ್ಟದ ಮೇಲೆ ಮಳೆಗಾಲದ ನಿತ್ಯದ ಮಾತಾದ್ದರಿಂದ ಯಂತ್ರವನ್ನೂ 4ಕೆ ಮಾನಿಟರನ್ನೂ ಮಾತ್ರ ಯುಪಿಎಸ್‌ಗೆ ಕೊಟ್ಟು ಉಳಿದ ಮೂರನ್ನು ನೇರ ಲೈನಿಗೆ ಕೊಡಿ. ಒಂದು ಅಡಚಣೆ ಉಂಟು: ಡಿಸ್‌ಪ್ಲೇಪೋರ್ಟ್ ಮಾನಿಟರ್ ಆರಿದರೆ ವಿಂಡೋಸ್ ಅದನ್ನು ಕಿತ್ತುಹಾಕಿದಂತೆ ಭಾವಿಸಿ, ಅಲ್ಲಿ ತೆರೆದಿದ್ದ ಕಿಟಕಿಗಳನ್ನೆಲ್ಲ ಪಕ್ಕದ ಪರದೆಗೆ ಸುರಿದುಬಿಡುತ್ತದೆ. 4ಕೆ ಮಾನಿಟರ್ ಯುಪಿಎಸ್‌ನಲ್ಲಿರಲಿ ಎಂದದ್ದು ಇದಕ್ಕೂ ಸೇರಿ.

ಕೇಬಲ್ ವಿಚಾರದಲ್ಲಿ ದಿಕ್ಕು ಮುಖ್ಯ. ಕಾರ್ಡಿನ ಮಿನಿ ಡಿಸ್‌ಪ್ಲೇಪೋರ್ಟ್‌ನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ನಿಮ್ಮ ಎರಡೂ 22 ಇಂಚಿನ ಮಾನಿಟರ್‌ಗಳಿಗೆ, ಅವುಗಳಲ್ಲಿ ಎಚ್‌ಡಿಎಂಐ ಇದ್ದರೆ, ಸಾಕು. ಅದೇ ಕೇಬಲ್ಲನ್ನು ತಿರುಗಿಸಿ, ಕಾರ್ಡಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟ್‌ಗೆ ಹಾಕಿದರೆ ಏನೂ ಬರುವುದಿಲ್ಲ. 4ಕೆ ಮಾನಿಟರಿಗೆ ಮಾತ್ರ ಮಿನಿಯಿಂದ ದೊಡ್ಡ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ಬಳಸಿ, ಎಚ್‌ಡಿಎಂಐಗೆ ಬದಲಾಯಿಸಬೇಡಿ. ಕಂಪನಿಗಳ ಹಳೆಯ ಯಂತ್ರಗಳಿಂದ ಕಳಚಿ ಮಾರುವ ಟಿ600 ಕಾರ್ಡುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಆದರೆ ಕನ್ವರ್ಟರುಗಳು ಜೊತೆಗೆ ಬರುವುದಿಲ್ಲ. ಬಹಳಷ್ಟಕ್ಕೆ ಗಿಡ್ಡ ಪೆಟ್ಟಿಗೆಯ ಬ್ರಾಕೆಟ್ ಇರುತ್ತದೆ, ನಿಮ್ಮ ಎತ್ತರದ ಕ್ಯಾಬಿನೆಟ್ಟಿಗೆ ಉದ್ದನೆಯ ಬ್ರಾಕೆಟ್ ಕೇಳಿ ಪಡೆಯಿರಿ. ಹಳೆಯ ಕಾರ್ಡಿನ ಬಯೋಸ್ ತಿದ್ದಿ ಹೊಸ ಹೆಸರಿನಲ್ಲಿ ಮಾರುವ ವ್ಯಾಪಾರವೂ ಇರುವುದರಿಂದ, ದುಡ್ಡು ಕೊಡುವ ಮೊದಲು ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ತೋರಿಸಲು ಹೇಳಿ. ಅಂಥ ಕಾರ್ಡುಗಳಲ್ಲಿ ಅನೇಕವನ್ನು ಅದು ನಕಲಿ ಎಂದೇ ಗುರುತಿಸುತ್ತದೆ.

ಯುಎಸ್‌ಬಿಯಿಂದ ಎಚ್‌ಡಿಎಂಐ ಕೊಡುವ ಅಡಾಪ್ಟರುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ತೋರಿಸಿಯಾರು. ಅದರಲ್ಲಿ ಚಿತ್ರ ಕಟ್ಟುವ ಕೆಲಸ ಪ್ರೊಸೆಸರಿನ ತಲೆಗೆ ಬೀಳುತ್ತದೆ. ವಾಟ್ಸಾಪ್ ವೆಬ್ ತೆರೆದಿಡಲು ಅಡ್ಡಿಯಿಲ್ಲ, ಫೋಟೋಶಾಪಿಗೆ ಬೇಡ.

ನಿಮ್ಮ ಊರಿನ ಹವೆಯ ಬಗ್ಗೆಯೂ ಹೇಳಬೇಕು. ಇಲ್ಲಿ ಕಾರವಾರದಲ್ಲಿ ಉಪ್ಪಿನ ಗಾಳಿಗೆ ಕಾರ್ಡಿನ ಬ್ರಾಕೆಟ್ಟು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಸ್ಲಾಟಿಗೆ ಇಳಿಯುವ ಹೊಂಬಣ್ಣದ ಪಟ್ಟಿಗಳು ಮಂಕಾಗಿ ಅಂಚಿನಲ್ಲಿ ಹಸಿರು ಕಾಣಿಸಿಕೊಳ್ಳುತ್ತದೆ. ಶಿರಸಿಯಲ್ಲಿ ಉಪ್ಪಿಲ್ಲ, ಥಂಡಿಯಿದೆ. ಜುಲೈ, ಆಗಸ್ಟಿನಲ್ಲಿ ಒಂದು ಪರದೆ ಇದ್ದಕ್ಕಿದ್ದಂತೆ ಬಾರದಿದ್ದರೆ ಕಾರ್ಡ್ ಸತ್ತಿತೆಂದು ತೀರ್ಮಾನಿಸಬೇಡಿ. ವಿದ್ಯುತ್ ಕಿತ್ತು, ಕಾರ್ಡನ್ನು ಹೊರತೆಗೆದು, ಆ ಪಟ್ಟಿಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಉದ್ದಕ್ಕೆ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ, ಮತ್ತೆ ಕ್ಲಿಕ್ ಎನ್ನುವಂತೆ ಕೂರಿಸಿ. ನನ್ನ ಬಳಿ ಮಳೆಗಾಲದಲ್ಲಿ ಬರುವ ಇಂಥ ದೂರುಗಳಲ್ಲಿ ಎಷ್ಟೋ ರಬ್ಬರಿನಲ್ಲೇ ಮುಗಿಯುತ್ತವೆ.

ಪೇಜ್‌ಮೇಕರ್ ಇನ್ನೂ ಬಳಸುತ್ತಿದ್ದರೆ 4ಕೆ ಪರದೆಗೆ ಎಳೆದಾಗ ಅದರ ಅಕ್ಷರಗಳು ಮಸುಕಾಗುತ್ತವೆ. ಆ ತಂತ್ರಾಂಶ ಹುಟ್ಟಿದ ಕಾಲದಲ್ಲಿ ಇಷ್ಟು ದಟ್ಟ ಪರದೆ ಇರಲಿಲ್ಲ, ಕಾರ್ಡಿನ ದೋಷವಲ್ಲ. ಅದರ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋಗಿ ಹೈ ಡಿಪಿಐ ಆಯ್ಕೆಯನ್ನು ಸಿಸ್ಟಮ್ ಎನ್‌ಹಾನ್ಸ್ಡ್ ಎಂದು ಬದಲಿಸಿ ನೋಡಿ. ಅದಾಗದಿದ್ದರೆ ಪೇಜ್‌ಮೇಕರನ್ನು 22 ಇಂಚಿನ ಪರದೆಯಲ್ಲೇ ತೆರೆದು, 4ಕೆಯನ್ನು ಫೋಟೋಶಾಪಿಗೆ ಮೀಸಲಿಡಿ. ಲಗ್ನಪತ್ರಿಕೆಯ ಕುಂಕುಮದ ಕೆಂಪನ್ನು ಆ 19 ಇಂಚಿನ ಪರದೆಯಲ್ಲಿ ನೋಡಿ ಮಾತ್ರ ಒಪ್ಪಬೇಡಿ.

ಕಾರ್ಡ್ ಬದಲಿಸುವ ದಿನ ಮೊದಲು ಎನ್‌ವಿಡಿಯಾದ ಹಳೆಯ ಡ್ರೈವರನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆಯಿರಿ, ಮದರ್‌ಬೋರ್ಡಿನ ಬಯೋಸಿಗೆ ಹೊಸ ಆವೃತ್ತಿ ಇದ್ದರೆ ಹಾಕಿಸಿ, ಬಯೋಸಿನಲ್ಲಿ ಒಳಗಿನ ಗ್ರಾಫಿಕ್ಸ್ ಎನೇಬಲ್ ಮಾಡಿ ವಿಜಿಎ ಪರದೆ ಬರುವುದನ್ನು ಖಚಿತಪಡಿಸಿಕೊಳ್ಳಿ. ಆಮೇಲೆ ಜಿಟಿ 710 ತೆಗೆದು ಟಿ600 ಕೂರಿಸಿ, ಹೊಸ ಡ್ರೈವರ್ ಹಾಕಿ, 4ಕೆ ಪರದೆ 60 ಹರ್ಟ್ಜ್ ತೋರಿಸುತ್ತದೆಯೇ ನೋಡಿ. ಉಳಿದ ಪರದೆಗಳನ್ನು ಒಂದೊಂದಾಗಿ ಜೋಡಿಸಿ. ಜಿಟಿ 710ನ್ನು ಮಾರಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟುಕೊಳ್ಳಿ. ಲಗ್ನದ ಸೀಸನ್ನಿನ ನಡುವೆ ಹೊಸ ಕಾರ್ಡ್ ವಾರಂಟಿಗೆಂದು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದರೆ ಅದು ಬರುವವರೆಗೆ ಮೂರು ಪರದೆಯ ಕೆಲಸ ಇದರಲ್ಲೇ ನಡೆಯಬೇಕಾದೀತು.